ಹಳೆ ಮನೆಯ ಬಣ್ಣದಲ್ಲಿ ಸೀಸ: ಪರೀಕ್ಷೆ ಯಾರಿಂದ, ಕೆಲಸ ಯಾರಿಂದ, ಮಾಡಿಸೋದು ಹೇಗೆ

ನಮ್ಮ ಕಡೆ ಹಳೆ ಕಿಟಕಿ ಕಿತ್ತರೆ ಅದು ಸೀದಾ ಹೋಗೋದು ಬಚ್ಚಲು ಒಲೆಗೆ. ತೀರ್ಥಹಳ್ಳಿ ಕಡೆಯ ನಮ್ಮ ಮನೆಯಲ್ಲೂ ಹಾಗೇ ಆಯಿತು. ಆರು ಕಿಟಕಿಗೆ ಗೆದ್ದಲು ಹಿಡಿದಿತ್ತು. ಆಚಾರ್ರು ಕಿತ್ತು ಕೊಟ್ಟಿಗೆ ಪಕ್ಕ ಪೇರಿಸಿಟ್ಟರು. ಆ ಮಳೆಗಾಲ ಪೂರ್ತಿ ಹಂಡೆ ನೀರು ಕಾದಿದ್ದು ಅದೇ ಮರದಲ್ಲಿ. ಆಯಿಲ್ ಪೇಂಟ್ ಹೊಡೆದ ಒಣ ಮರ ಅಲ್ವಾ, ಹಸಿ ಸೌದೆಗಿಂತ ಚೆನ್ನಾಗಿ ಹತ್ತಿಕೊಳ್ಳುತ್ತಿತ್ತು. ಬೂದಿ ಬಸಳೆ ಬುಡಕ್ಕೆ ಹೋಯಿತು. ಒಂದಷ್ಟನ್ನು ಅಮ್ಮ ಹಿತ್ತಾಳೆ ಪಾತ್ರೆ ತಿಕ್ಕೋಕೆ ಅಂತ ಡಬ್ಬಿಗೆ ತುಂಬಿಟ್ಟುಕೊಂಡರು.

ಮರ ಸುಟ್ಟರೂ ಬಣ್ಣದೊಳಗಿನ ಸೀಸ ಸುಟ್ಟು ಹೋಗಲ್ಲ. ಸ್ವಲ್ಪ ಹೊಗೆಯ ಜೊತೆ ಏಳುತ್ತದೆ, ಉಳಿದದ್ದು ಬೂದಿಯಲ್ಲೇ ಕೂರುತ್ತದೆ. ಇದು ನನಗೆ ಗೊತ್ತಾಗಿದ್ದು ಎರಡು ವರ್ಷ ಆದಮೇಲೆ. ಅಣ್ಣನ ಮೊಮ್ಮಗನಿಗೆ ರಕ್ತ ಕಡಿಮೆ ಅಂತ ಶಿವಮೊಗ್ಗಕ್ಕೆ ಕರೆದುಕೊಂಡು ಹೋಗಿದ್ದೆವು. ಮಕ್ಕಳ ಡಾಕ್ಟ್ರು ಊಟ ತಿಂಡಿ ಎಲ್ಲ ವಿಚಾರಿಸಿ ಕೊನೆಗೆ ಕೇಳಿದರು: "ಮನೆ ಹಳೇದಾ? ಕಿಟಕಿ ಬಾಗಿಲಿನ ಬಣ್ಣ ಏಳ್ತಾ ಇದೆಯಾ? ಮಗು ಅದನ್ನ ಕಿತ್ತು ಬಾಯಿಗೆ ಹಾಕತ್ತಾ?" ಮೂರಕ್ಕೂ ಹೌದು ಅನ್ನಬೇಕಾಯಿತು.

ಅಲ್ಲಿಂದ ಶುರುವಾದ ಓಡಾಟದಲ್ಲಿ ಕಲಿತದ್ದು ಇದು. ಒಂದು ವಿಷಯ ಮೊದಲೇ ಹೇಳಿಬಿಡುತ್ತೇನೆ. ಅಮೆರಿಕದಲ್ಲಿ 1978ಕ್ಕಿಂತ ಹಿಂದಿನ ಮನೆಗಳ ಬಣ್ಣ ಕೆರೆಯುವ ಗುತ್ತಿಗೆದಾರರು ತರಬೇತಿ ಪಡೆದು ಸರ್ಟಿಫಿಕೇಟ್ ಇಟ್ಟುಕೊಂಡಿರಬೇಕು. 2010ರಿಂದ ಅಲ್ಲಿ ಅದು ಕಡ್ಡಾಯ. ನಮ್ಮಲ್ಲಿ ಅಂಥ ಲೈಸೆನ್ಸ್ ವ್ಯವಸ್ಥೆ ಇಲ್ಲ. ಶಿವಮೊಗ್ಗದ ಬಿ.ಎಚ್. ರಸ್ತೆ ಉದ್ದಕ್ಕೂ ನಡೆದರೂ 'ಇಲ್ಲಿ ಸೀಸ ತೆಗೆದುಕೊಡಲಾಗುತ್ತದೆ' ಅನ್ನೋ ಬೋರ್ಡು ಕಾಣಲ್ಲ. ಡಾಕ್ಟ್ರು, ಲ್ಯಾಬು, ಪೇಂಟರ್, ಆಚಾರ್ರು, ಪ್ಲಂಬರ್, ಇವರನ್ನೆಲ್ಲ ನೀವೇ ಕೂಡಿಸಬೇಕು. ಮೇಸ್ತ್ರಿ ಕೆಲಸ ನಿಮ್ಮದೇ. ಅದರಲ್ಲೂ ಪೇಂಟರ್ ಹತ್ತಿರ ಮಾಡಿಕೊಳ್ಳುವ ಮಾತುಕತೆಯೇ ಮುಖ್ಯ. ಅಲ್ಲಿ ಎಡವಿದರೆ ಇದ್ದದ್ದಕ್ಕಿಂತ ಕೆಟ್ಟದಾಗುತ್ತದೆ. ನನಗೆ ಹಾಗೇ ಆಯಿತು, ಮುಂದೆ ಹೇಳುತ್ತೇನೆ.

ಹೆಜ್ಜೆ 1: ನಿಮ್ಮ ಮನೆಗೆ ಇದು ಬೇಕಾ, ನೋಡಿಕೊಳ್ಳಿ

ಎಲ್ಲ ಹಳೆ ಮನೆಯವರೂ ಗಾಬರಿಯಾಗಬೇಕಿಲ್ಲ. ಸುಣ್ಣ ಬಳಿದ ಗೋಡೆ, ಸಗಣಿ ಸಾರಿಸಿದ ನೆಲ, ಬಣ್ಣವೇ ಕಾಣದ ಹಲಸಿನ ಕಂಬ ಇದ್ದರೆ ಅಲ್ಲಿ ಈ ತೊಂದರೆ ಇಲ್ಲ. ಕೆಂಪು ರೆಡ್ ಆಕ್ಸೈಡ್ ನೆಲ ನೋಡಿ ಹೆದರುವವರಿದ್ದಾರೆ. ಅದರ ಕೆಂಪು ಕಬ್ಬಿಣದ್ದು, ಸೀಸದ್ದಲ್ಲ.

ಅನುಮಾನ ಪಡಬೇಕಾದದ್ದು ಎನಾಮೆಲ್, ಅಂದರೆ ನಾವು ಆಯಿಲ್ ಪೇಂಟ್ ಅನ್ನೋದು. ಕಿಟಕಿ, ಬಾಗಿಲು, ಸರಳು, ಗೇಟು, ತೊಟ್ಟಿಲು, ಹಳೆ ಮರದ ಆಟಿಕೆ. ಗಾಢ ಹಳದಿ, ಕೆಂಪು, ಹಸಿರು ಬಣ್ಣಗಳಲ್ಲಿ ಸೀಸದ ಪಿಗ್ಮೆಂಟ್ ಹಾಕುವ ರೂಢಿ ಇತ್ತು. ಬಣ್ಣ ಬೇಗ ಒಣಗಲಿ ಅಂತಲೂ ಸೀಸ ಸೇರಿಸುತ್ತಿದ್ದರು. ಹಾಗಾಗಿ ಬಿಳಿ ಬಣ್ಣದ್ದಾದರೆ ಪರವಾಗಿಲ್ಲ ಅಂತ ಬಿಡೋಕಾಗಲ್ಲ. ಕಬ್ಬಿಣಕ್ಕೆ ಹೊಡೆಯುವ ಕಿತ್ತಳೆ ಬಣ್ಣದ ರೆಡ್ ಲೆಡ್ ಪ್ರೈಮರ್ ಅಂತೂ ಹೆಸರಲ್ಲೇ ಸೀಸ ಇಟ್ಟುಕೊಂಡಿದೆ.

ಕೇಂದ್ರ ಸರ್ಕಾರ 2016ರಲ್ಲಿ ನಿಯಮ ತಂದು, ಮನೆಗೆ ಬಳಸುವ ಪೇಂಟಿನಲ್ಲಿ ಸೀಸ 90 ಪಿಪಿಎಂ (ಹತ್ತು ಲಕ್ಷ ಭಾಗಕ್ಕೆ 90 ಭಾಗ) ಮೀರಬಾರದು ಅಂದಿತು. ಅದು ಜಾರಿಗೆ ಬಂದದ್ದು 2017ರ ನವೆಂಬರ್‌ನಿಂದ. ಅದಕ್ಕಿಂತ ಮುಂಚೆ ಹೊಡೆದ ಆಯಿಲ್ ಪೇಂಟ್ ಇದ್ದು, ಅದು ಏಳುತ್ತಾ ಇದ್ದು, ಮನೆಯಲ್ಲಿ ಆರು ವರ್ಷದೊಳಗಿನ ಮಗುವೋ ಬಸುರಿಯೋ ಇದ್ದರೆ ಪರೀಕ್ಷೆ ಮಾಡಿಸಿ. ಈ ಮೂರೂ ಕೂಡಿಬರದಿದ್ದರೆ ಅವಸರ ಇಲ್ಲ.

ಮಲೆನಾಡಿನಲ್ಲಿ ಇನ್ನೊಂದು ತೊಂದರೆ. ಜೂನ್ ಬಂತು ಅಂದರೆ ಕಿಟಕಿ ಬಾಗಿಲು ನೀರು ಕುಡಿದು ಉಬ್ಬುತ್ತದೆ. ಗುದ್ದಿ ಹಾಕಬೇಕು, ಎಳೆದು ತೆಗೆಯಬೇಕು. ಮರಕ್ಕೆ ಮರ ಉಜ್ಜಿದಾಗಲೆಲ್ಲ ಬಣ್ಣ ಪುಡಿಯಾಗಿ ಕಿಟಕಿ ದಂಡೆಗೆ ಉದುರುತ್ತದೆ. ಕಣ್ಣಿಗೆ ಕಾಣುವ ಚಕ್ಕೆಗಿಂತ ಈ ಹುಡಿಯೇ ಜಾಸ್ತಿ ಅಪಾಯ. ಮಗು ದಂಡೆ ಹಿಡಿದು ನಿಲ್ಲುತ್ತದೆ, ಆಮೇಲೆ ಬೆರಳು ಬಾಯಿಗೆ. ವಿಶ್ವ ಆರೋಗ್ಯ ಸಂಸ್ಥೆ ಹೇಳುವ ಪ್ರಕಾರ ಹೊಟ್ಟೆಗೆ ಹೋದ ಸೀಸವನ್ನು ಮಕ್ಕಳ ಮೈ ದೊಡ್ಡವರಿಗಿಂತ ನಾಲ್ಕೈದು ಪಟ್ಟು ಹೀರಿಕೊಳ್ಳುತ್ತದೆ. ಕ್ಯಾಲ್ಸಿಯಂ ಅಂತ ತಿಳಿದು ಮೂಳೆಯೊಳಗೆ ಇಟ್ಟುಕೊಳ್ಳುತ್ತದೆ ಕೂಡ. ಮಗುವಿಗೆ ಕಬ್ಬಿಣದ ಅಂಶ ಕಡಿಮೆ ಇದ್ದರಂತೂ ಇನ್ನೂ ಜಾಸ್ತಿ.

ಹೆಜ್ಜೆ 2: ಯಾರನ್ನೂ ಕರೆಯುವ ಮುಂಚೆ

ರಿಪೋರ್ಟ್ ಬರೋಕೆ ದಿನಗಳಾಗುತ್ತವೆ. ಅಷ್ಟರಲ್ಲಿ ಬಣ್ಣ ಏಳುವ ಕಿಟಕಿ ಹತ್ತಿರ ಮಂಚ, ತೊಟ್ಟಿಲು ಇದ್ದರೆ ಸರಿಸಿ. ದಂಡೆಗೆ ಅಗಲದ ಟೇಪ್ ಅಂಟಿಸಿ. ಒಣ ಪೊರಕೆ ಆಡಿಸಬೇಡಿ, ಒದ್ದೆ ಬಟ್ಟೆಯಲ್ಲಿ ಒರೆಸಿ. ಊಟಕ್ಕೆ ಮುಂಚೆ, ಮಲಗಿಸೋ ಮುಂಚೆ ಮಗುವಿನ ಕೈ ಸೋಪು ಹಾಕಿ ತೊಳೆಯಿರಿ. ಮುಖ್ಯವಾಗಿ, 'ಸ್ವಲ್ಪ ಕೆರೆದು ನೋಡೋಣ' ಅಂತ ನೀವೇ ಸ್ಯಾಂಡ್ ಪೇಪರ್ ಹಿಡಿಯಬೇಡಿ.

ಹೆಜ್ಜೆ 3: ಡಾಕ್ಟ್ರು

ಮಗುವಿನ ರಕ್ತ ಪರೀಕ್ಷೆಗೆ ಮಕ್ಕಳ ಡಾಕ್ಟರ ಚೀಟಿ ತೆಗೆದುಕೊಳ್ಳಿ. ಕೇಳಬೇಕಾದ ಹೆಸರು 'ಬ್ಲಡ್ ಲೆಡ್ ಲೆವೆಲ್'. ಸಾಮಾನ್ಯ ರಕ್ತ ಪರೀಕ್ಷೆಯಲ್ಲಿ ಇದು ಬರಲ್ಲ. ದೊಡ್ಡ ಲ್ಯಾಬುಗಳ ಕಲೆಕ್ಷನ್ ಸೆಂಟರಿನಲ್ಲಿ ಕೊಟ್ಟರೆ ಹೊರಗೆ ಕಳಿಸಿ ಮಾಡಿಸುತ್ತಾರೆ. ಬೆರಳು ಚುಚ್ಚಿ ತೆಗೆದರೆ ಚರ್ಮದ ಮೇಲಿನ ಧೂಳು ಸೇರಿ ಅಂಕಿ ತಪ್ಪಾಗಬಹುದು. ಹಾಗಾಗಿ ನರದಿಂದ ತೆಗೆಯಲು ಹೇಳಿ, ಸೀಸದ ಪರೀಕ್ಷೆಗೆ ಆಗುವ ಟ್ಯೂಬ್ ಇದೆಯಾ ಅಂತ ಮೊದಲೇ ಫೋನ್ ಮಾಡಿ ಕೇಳಿ.

ರಕ್ತದಲ್ಲಿ ಇಷ್ಟಿದ್ದರೆ ಪರವಾಗಿಲ್ಲ ಅನ್ನುವ ಮಟ್ಟ ಇಲ್ಲ. ಒಂದು ಡೆಸಿಲೀಟರಿಗೆ 5 ಮೈಕ್ರೋಗ್ರಾಂ ಅಥವಾ ಅದಕ್ಕಿಂತ ಜಾಸ್ತಿ ಬಂದರೆ ಮೂಲ ಹುಡುಕಿ ನಿಲ್ಲಿಸಿ ಅಂತ ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಹೇಳಿದೆ. ಮಕ್ಕಳಲ್ಲಿ 45 ಮುಟ್ಟಿದರೆ ಸೀಸ ಹೊರಹಾಕುವ ಔಷಧಿಯ ಮಾತು ಬರುತ್ತದೆ. ಅದು ಆಸ್ಪತ್ರೆಯಲ್ಲಿ ಆಗಬೇಕಾದ ಕೆಲಸ. 'ಮೈಯಿಂದ ವಿಷ ತೆಗೆಯುವ' ಪುಡಿ ಮಾರುವವರು ಬಂದರೆ ಗೇಟಿನಲ್ಲೇ ಕಳಿಸಿ. ನಮ್ಮ ಹುಡುಗನದ್ದು 5ಕ್ಕಿಂತ ಮೇಲಿತ್ತು, 45ಕ್ಕೆ ತುಂಬಾ ದೂರವಿತ್ತು. ಡಾಕ್ಟ್ರು ಕಬ್ಬಿಣದ ಸಿರಪ್ ಬರೆದು, "ಔಷಧಿ ಇರೋದು ನಿಮ್ಮ ಕಿಟಕಿಯಲ್ಲಿ, ಅದನ್ನ ಸರಿ ಮಾಡಿ" ಅಂದರು.

ಹೆಜ್ಜೆ 4: ಲ್ಯಾಬ್ ಆರಿಸೋದು

ಬಣ್ಣದಲ್ಲಿ ಸೀಸ ಇದೆಯಾ ನೋಡೋಕೆ ಮೂರು ದಾರಿ.

ಆನ್‌ಲೈನಿನಲ್ಲಿ ಸಿಗುವ ಸ್ವಾಬ್ ಕಿಟ್ ಒಂದು. ಉಜ್ಜಿದರೆ ಗುಲಾಬಿ ಬಣ್ಣಕ್ಕೆ ತಿರುಗುತ್ತದೆ. ಕೆಂಪು ಪೇಂಟಿನ ಮೇಲೆ ಉಜ್ಜಿದರೆ ಪೇಂಟಿನ ಬಣ್ಣವೇ ಬಂತೋ ಸೀಸದ್ದೋ ಅಂತ ತಿಳಿಯಲ್ಲ. ಮೇಲಿನ ಪದರ ಹೊಸದಾಗಿದ್ದು ಸೀಸ ಕೆಳಗಿದ್ದರೆ ಏನೂ ತೋರಿಸಲ್ಲ. ಗುಲಾಬಿ ಬಂದರೆ ಅನುಮಾನ ಗಟ್ಟಿಯಾಯಿತು, ಬರದಿದ್ದರೆ ಏನೂ ಸಾಬೀತಾಗಲ್ಲ.

ಎರಡನೇದು ಎಕ್ಸ್‌ಆರ್‌ಎಫ್ ಗನ್. ಡ್ರಿಲ್ಲಿಂಗ್ ಮೆಷಿನ್ ಥರ ಇರುತ್ತದೆ. ಗೋಡೆಗೆ ಹಿಡಿದರೆ ಎಕ್ಸ್‌ರೇ ಬಿಟ್ಟು ಎಲ್ಲ ಪದರಗಳ ಸೀಸವನ್ನೂ ಅಲ್ಲೇ ಹೇಳುತ್ತದೆ, ಕೆರೆಯುವ ಗೋಜಿಲ್ಲ. ಚಿನ್ನದ ಅಂಗಡಿಯಲ್ಲಿ ಕ್ಯಾರೆಟ್ ನೋಡುವ ಮೆಷಿನ್ನಿನ ತತ್ವವೂ ಇದೇ. ಹಾಗಂತ ಕಿಟಕಿ ಚಕ್ಕೆ ಹಿಡಿದುಕೊಂಡು ಅಕ್ಕಸಾಲಿಗರ ಹತ್ತಿರ ಹೋಗಬೇಡಿ. ಅದನ್ನು ಚಿನ್ನಕ್ಕೆ ಹೊಂದಿಸಿರುತ್ತಾರೆ, ಪೇಂಟಿಗಲ್ಲ. ಗನ್ ತರುವ ಸಂಸ್ಥೆ ಬೆಂಗಳೂರಿನಿಂದ ಬರಬೇಕಾದರೆ ಒಂದು ಮನೆಗೆ ಗಿಟ್ಟಲ್ಲ. ಊರಿನ ಶಾಲೆ, ಅಂಗನವಾಡಿ, ನಾಲ್ಕು ಮನೆ ಸೇರಿ ಒಂದೇ ದಿನಕ್ಕೆ ಕರೆಸಿದರೆ ಆಗಬಹುದು.

ಮೂರನೇದು ಚಕ್ಕೆ ತೆಗೆದು ಲ್ಯಾಬಿಗೆ ಕಳಿಸೋದು. ನಾನು ಮಾಡಿದ್ದು ಇದನ್ನೇ, ನಮ್ಮಂಥವರಿಗೆ ಸರಿಯಾದದ್ದೂ ಇದೇ. ಲ್ಯಾಬಿಗೆ ಎನ್‌ಎಬಿಎಲ್ (ಲ್ಯಾಬುಗಳನ್ನು ಪರಿಶೀಲಿಸಿ ಒಪ್ಪಿಗೆ ಕೊಡುವ ರಾಷ್ಟ್ರೀಯ ಮಂಡಳಿ) ಮಾನ್ಯತೆ ಇರಬೇಕು. ಬೋರ್ಡ್ ಮೇಲೆ ಆ ಗುರುತು ಕಂಡರೆ ಸಾಲದು. ಯಾವ ಲ್ಯಾಬಿಗೆ ಯಾವ ವಸ್ತುವಿನಲ್ಲಿ ಯಾವ ಅಂಶ ಅಳೆಯೋಕೆ ಮಾನ್ಯತೆ ಅನ್ನೋದು ಎನ್‌ಎಬಿಎಲ್ ವೆಬ್‌ಸೈಟಿನಲ್ಲಿ ಪಟ್ಟಿಯಾಗಿ ಇರುತ್ತದೆ. ಅದನ್ನು 'ಸ್ಕೋಪ್' ಅನ್ನುತ್ತಾರೆ. ನೀರಿನಲ್ಲಿ ಸೀಸ ಅಳೆಯೋಕೆ ಮಾನ್ಯತೆ ಇದ್ದವರಿಗೆ ಪೇಂಟಿಗೂ ಇರಬೇಕು ಅಂತೇನಿಲ್ಲ.

ಫೋನಿನಲ್ಲಿ ನಾನು ಕೇಳಿದ್ದು ಇಷ್ಟು: ಪೇಂಟ್ ಚಕ್ಕೆಯಲ್ಲಿ ಸೀಸ ಅಳೆಯೋದು ನಿಮ್ಮ ಸ್ಕೋಪ್‌ನಲ್ಲಿ ಇದೆಯಾ? ನೀವೇ ಮಾಡ್ತೀರಾ, ಬೇರೆಯವರಿಗೆ ಕಳಿಸ್ತೀರಾ? ಎಷ್ಟು ಗ್ರಾಂ ಬೇಕು? ಕನಿಷ್ಠ ಎಷ್ಟರವರೆಗೆ ಅಳೆಯಬಲ್ಲಿರಿ? ರಿಪೋರ್ಟಿಗೆ ಎಷ್ಟು ದಿನ? ಕೊನೆಯ ಎರಡಕ್ಕೆ ಮಾತ್ರ ಉತ್ತರ ಕೊಟ್ಟು ಉಳಿದದ್ದಕ್ಕೆ 'ಎಲ್ಲ ಆಗತ್ತೆ ಸಾರ್' ಅಂದವರನ್ನು ಬಿಟ್ಟೆ.

ಸ್ಯಾಂಪಲ್ ತೆಗೆಯುವಾಗ ಎಲ್ಲರೂ ತಪ್ಪು ಮಾಡೋದು ಒಂದೇ ಕಡೆ. ಮೇಲೆ ಎದ್ದ ಹೊಸ ಪದರವನ್ನು ಮಾತ್ರ ಕಿತ್ತು ಕಳಿಸುತ್ತಾರೆ. ಮರ ಕಾಣುವ ತನಕ ಎಲ್ಲ ಪದರವೂ ಬರಬೇಕು. ನಮ್ಮ ಜಗಲಿ ಕಿಟಕಿಯಲ್ಲಿ ಚಾಕು ಊರಿದಾಗ ಕಂದು ಕೆಳಗೆ ತಿಳಿ ನೀಲಿ, ಅದರ ಕೆಳಗೆ ಎಲೆ ಹಸಿರು, ಎಲ್ಲಕ್ಕಿಂತ ಕೆಳಗೆ ಸಾಸಿವೆ ಹಳದಿ. ಒಂದೊಂದು ಮದುವೆಗೆ ಒಂದೊಂದು ಬಣ್ಣ. ಹಸಿರು ನನ್ನ ಸೋದರತ್ತೆ ಮದುವೆಯದು ಅಂತ ಅಮ್ಮ ಗುರುತು ಹಿಡಿದರು.

ಕೆರೆಯುವ ಜಾಗಕ್ಕೆ ಮೊದಲು ನೀರು ಚಿಮುಕಿಸಿ, ಕೆಳಗೆ ಪೇಪರ್ ಹಾಸಿ. ಎರಡಂಗುಲ ಚೌಕದಷ್ಟು ಸಾಕಾಗಬಹುದು, ಲ್ಯಾಬಿನವರು ಹೇಳಿದಷ್ಟು ತೆಗೆಯಿರಿ. ಒಂದೊಂದು ಜಾಗದ್ದು ಒಂದೊಂದು ಜಿಪ್ ಕವರಿನಲ್ಲಿ ಹಾಕಿ, ಮೇಲೆ 'ಜಗಲಿ, ಎಡ ಕಿಟಕಿ' ಅಂತ ಬರೆಯಿರಿ. ಕೆರೆದ ಜಾಗಕ್ಕೆ ಟೇಪ್ ಅಂಟಿಸಿ. ನಾಲ್ಕು ಸ್ಯಾಂಪಲ್ ಕಳಿಸೋಕೆ ದುಡ್ಡು ಸಾಲದಿದ್ದರೆ ಮಗು ಮುಟ್ಟುವ ಕಿಟಕಿಯದ್ದು ಒಂದನ್ನೇ ಕಳಿಸಿ.

ರಿಪೋರ್ಟ್ ಓದುವಾಗ 90 ಅನ್ನೋ ಅಂಕಿ ಹಿಡಿದುಕೊಂಡು ಕೂರಬೇಡಿ. ಅದು ಅಂಗಡಿಯಲ್ಲಿ ಮಾರುವ ಹೊಸ ಪೇಂಟಿನ ಮಿತಿ. ಹಳೆ ಬಣ್ಣ ಅದನ್ನು ಮೀರಿದರೆ ಆಶ್ಚರ್ಯ ಇಲ್ಲ. ಅಮೆರಿಕದಲ್ಲಿ 5,000 ಪಿಪಿಎಂ, ಅಂದರೆ ತೂಕದಲ್ಲಿ ಶೇಕಡಾ 0.5ರಷ್ಟು ಸೀಸ ಇದ್ದರೆ ಅದನ್ನು 'ಸೀಸದ ಬಣ್ಣ' ಅಂತ ಲೆಕ್ಕಕ್ಕೆ ತೆಗೆದುಕೊಳ್ಳುತ್ತಾರೆ. ನನ್ನ ಲೆಕ್ಕದಲ್ಲಿ 5,000 ದಾಟಿದರೆ ಈ ವರ್ಷವೇ ಕೆಲಸ ಮಾಡಿಸಬೇಕು. 90ಕ್ಕೂ 5,000ಕ್ಕೂ ನಡುವೆ ಇದ್ದರೆ ಮಗು ಮುಟ್ಟುವ ಜಾಗ ಮಾತ್ರ ಮೊದಲು. 'ಬಿಡಿಎಲ್' ಅಂತ ಬರೆದಿದ್ದರೆ ಮೆಷಿನ್ನಿಗೆ ಸಿಕ್ಕಲಿಲ್ಲ ಅಂತ ಅರ್ಥ, ಇಲ್ಲವೇ ಇಲ್ಲ ಅಂತಲ್ಲ. ಅದಕ್ಕೇ ಕನಿಷ್ಠ ಎಷ್ಟು ಅಂತ ಮೊದಲೇ ಕೇಳಿಟ್ಟುಕೊಳ್ಳೋದು.

ಇನ್ನೊಂದು ಮಾತು. ಪರೀಕ್ಷೆ ಮಾಡುವವರೂ ಬಣ್ಣ ತೆಗೆಯುವವರೂ ಒಂದೇ ಕಂಪನಿ ಆಗೋದು ಬೇಡ. 'ಟೆಸ್ಟಿಂಗ್ ಫ್ರೀ' ಅಂದವರ ರಿಪೋರ್ಟಿನಲ್ಲಿ ಸೀಸ ಸಿಗದೇ ಇರುತ್ತದಾ?

ನೀರು, ಪಾತ್ರೆ, ಇತ್ಯಾದಿ

ಸೀಸ ಬರೋದು ಬಣ್ಣದಿಂದ ಮಾತ್ರ ಅಲ್ಲ, ಹಾಗಾಗಿ ಇವನ್ನೂ ನೋಡಿಬಿಡಿ. ಬಾವಿ ನೀರಿನಲ್ಲಿ ಸೀಸ ಅಂತ ನೇರವಾಗಿ ಇರೋದು ಕಡಿಮೆ. ಸೇರೋದು ಹಿತ್ತಾಳೆ ನಲ್ಲಿಯಿಂದ, ಹಳೆ ಪೈಪಿನಿಂದ, ಬೆಸುಗೆಯಿಂದ. ಮೆದು ನೀರು, ಅದರಲ್ಲೂ ಸ್ವಲ್ಪ ಹುಳಿ ಗುಣದ ನೀರು, ಲೋಹವನ್ನು ಜಾಸ್ತಿ ಕರಗಿಸುತ್ತದೆ. ಪಿವಿಸಿ ಪೈಪ್ ತಯಾರಿಸುವಾಗ ಬಿಸಿಗೆ ಕೆಡದಿರಲಿ ಅಂತಲೂ ಸೀಸ ಬಳಸುತ್ತಿದ್ದರು. ಅದನ್ನು ನಿಲ್ಲಿಸೋಕೆ 2021ರಲ್ಲಿ ಬೇರೆಯೇ ನಿಯಮ ಬಂತು. ಗುಡ್ಡದಿಂದ ಅಬ್ಬಿ ನೀರು ತರುವವರ ಪೈಪು ಅದಕ್ಕಿಂತ ಹಳೇದಾದರೆ ಒಮ್ಮೆ ನೋಡಿಸಬಹುದು.

ರಾತ್ರಿ ಪೂರ್ತಿ ನಲ್ಲಿ ಮುಟ್ಟದೆ, ಬೆಳಿಗ್ಗೆ ಮೊದಲು ಬರುವ ಒಂದು ಲೀಟರ್ ಹಿಡಿಯಿರಿ. ಐದು ನಿಮಿಷ ನೀರು ಹರಿಯಬಿಟ್ಟು ಇನ್ನೊಂದು ಬಾಟಲ್. ಮೊದಲನೇದರಲ್ಲಿ ಜಾಸ್ತಿ, ಎರಡನೇದರಲ್ಲಿ ಕಡಿಮೆ ಬಂದರೆ ತಪ್ಪು ನಲ್ಲಿಯದ್ದೋ ಅದರ ಹತ್ತಿರದ ಪೈಪಿನದ್ದೋ ಇರಬೇಕು. ಪ್ಲಂಬರ್ ಕರೆದು ಬದಲಿಸಿದರೆ ಮುಗಿಯಿತು. ಭಾರತೀಯ ಮಾನಕದಲ್ಲಿ ಕುಡಿಯುವ ನೀರಿಗೆ ಮಿತಿ ಲೀಟರಿಗೆ 0.01 ಮಿಲಿಗ್ರಾಂ. ಸರ್ಕಾರಿ ನೀರಿನ ಲ್ಯಾಬಿಗೆ ಕೊಡುವುದಾದರೆ 'ಸೀಸವನ್ನೂ ನೋಡ್ತೀರಾ' ಅಂತ ಕೇಳಿಯೇ ಕೊಡಿ. ಕುದಿಸಿದರೆ ಸೀಸ ಹೋಗುತ್ತದೆ ಅನ್ನೋದು ತಪ್ಪು ತಿಳಿವಳಿಕೆ, ಹೋಗಲ್ಲ. ನೀರು ಇಂಗಿ ಸೀಸದ ಪ್ರಮಾಣ ಏರುತ್ತದೆ ಅಷ್ಟೇ.

ಪಾತ್ರೆಗೆ ಕಲಾಯಿ ಹಾಕಿಸುವಾಗ ತವರಕ್ಕೆ ಸೀಸ ಬೆರೆಸುವುದುಂಟು. ತವರದ ಬೆಲೆ ನೋಡಿದರೆ ಯಾಕೆ ಅಂತ ಗೊತ್ತಾಗುತ್ತದೆ. ಅಂಥ ಪಾತ್ರೆಯಲ್ಲಿ ಹುಳಿ, ಸಾರು ಕುದಿಸಿದರೆ ಅದು ಬಿಟ್ಟುಕೊಳ್ಳುತ್ತದೆ. ಬಲೆಗೆ ಕಟ್ಟುವ ಗುಂಡು, ಕೋವಿಯ ಚರೆ ಎರಕ ಹೊಯ್ಯೋಕೆ ಸೀಸ ಕರಗಿಸುವವರು ಅಡುಗೆ ಮನೆ, ಬಚ್ಚಲು ಒಲೆಗಳಿಂದ ದೂರ ಇರಬೇಕು. ಇನ್ವರ್ಟರಿನ ಹಳೆ ಬ್ಯಾಟರಿ, ಬೇಲಿಯ ಬ್ಯಾಟರಿ ಒಡೆಯದೆ ಅಂಗಡಿಗೇ ವಾಪಸ್ ಕೊಡಿ. ದನ ನೆಕ್ಕಿದರೆ ಉಳಿಯೋದು ಕಷ್ಟ.

ಹೆಜ್ಜೆ 5: ತೆಗೆಯೋದಾ, ಬಿಡೋದಾ

ರಿಪೋರ್ಟ್ ಕೈಗೆ ಬಂದ ತಕ್ಷಣ ಎಲ್ಲ ಕೆರೆಸಿಬಿಡಬೇಕು ಅನ್ನಿಸುತ್ತದೆ. ತಡೆಯಿರಿ. ಗಟ್ಟಿಯಾಗಿ ಕೂತ ಬಣ್ಣ ತಾನಾಗಿ ಯಾರಿಗೂ ತೊಂದರೆ ಕೊಡಲ್ಲ. ಅದರ ಮೇಲೆ ಹೊಸ ಬಣ್ಣ ಹೊಡೆದು ಮುಚ್ಚಬಹುದು. ಆದರೆ ಉಜ್ಜಿಕೊಳ್ಳುವ ಜಾಗಕ್ಕೆ ಇದು ನಡೆಯಲ್ಲ. ಕಿಟಕಿ ಚೌಕಟ್ಟಿನ ಒಳ ಅಂಚು, ಬಾಗಿಲು ಚಿಲಕ ಬೀಳುವ ಕಡೆ ಒಂದೇ ಮಳೆಗಾಲಕ್ಕೆ ಮತ್ತೆ ಏಳುತ್ತದೆ.

ಅಂಥ ಕಿಟಕಿ ಬಾಗಿಲನ್ನು ಇಡಿಯಾಗಿ ಬಿಚ್ಚಿ ಹೊಸದು ಕೂರಿಸೋದೇ ಶುದ್ಧ ಕೆಲಸ. ಧೂಳೂ ಕಡಿಮೆ, ದಿನವೂ ಕಡಿಮೆ. ಆಚಾರ್ರ ಕೂಲಿ, ಮರದ ದುಡ್ಡು ಜಾಸ್ತಿ, ನಿಜ. ಕೆತ್ತನೆ ಇರುವ ಕಂಬ, ಬಾಗಿಲುವಾಡ ಮಾತ್ರ ಕೆರೆಸಿ. ಅವನ್ನು ಕಿತ್ತು ಮಾರಿಬಿಡಿ ಅಂತ ಹೇಳೋಕೆ ನನಗೆ ಬಾಯಿ ಬರಲ್ಲ.

ಹೆಜ್ಜೆ 6: ಪೇಂಟರ್ ಹುಡುಕೋದು, ಮಾತು ಮುಗಿಸೋದು

ನಾನು ಮೊದಲು ಕರೆದವರು ಒಳ್ಳೆ ಕೆಲಸಗಾರರೇ. ಸೀಸದ ವಿಷಯ ಹೇಳಿದೆ. "ಎಂತ ಆಗಲ್ಲ ಅಯ್ಯ, ಇಪ್ಪತ್ತು ವರ್ಷದಿಂದ ಇದೇ ಕೆಲಸ, ನಂಗೆಂತ ಆಗಿದೆ?" ಅಂದರು. ನಾನೂ ಸುಮ್ನಾದೆ. ಚದರ ಅಡಿ ಲೆಕ್ಕದಲ್ಲಿ ಗುತ್ತಿಗೆ ಕೊಟ್ಟು ತೋಟಕ್ಕೆ ಹೋದೆ. ಮಧ್ಯಾಹ್ನ ಬಂದು ನೋಡಿದರೆ ಜಗಲಿಯಲ್ಲಿ ಗ್ರೈಂಡರಿಗೆ ಸ್ಯಾಂಡಿಂಗ್ ಡಿಸ್ಕ್ ಹಾಕಿ ಕಿಟಕಿ ಉಜ್ಜುತ್ತಿದ್ದಾರೆ. ಹಸಿರು ಧೂಳು ಹೊಗೆ ಥರ ಎದ್ದು ಅಂಗಳಕ್ಕೆ ಇಳಿಯುತ್ತಿತ್ತು. ಅಂಗಳದಲ್ಲಿ ಬೇಯಿಸಿದ ಅಡಿಕೆ ಹರವಿತ್ತು.

ಅವರನ್ನು ಬೈಯುವ ಹಾಗಿರಲಿಲ್ಲ. ಚದರ ಅಡಿಗೆ ಇಷ್ಟು ಅಂತ ಗೊತ್ತು ಮಾಡಿದವನು ನಾನು. ಬೇಗ ಮುಗಿಸಿದಷ್ಟೂ ಅವರಿಗೆ ಲಾಭ. ಬೇಗ ಮುಗಿಯಬೇಕು ಅಂದರೆ ಗ್ರೈಂಡರೇ ಬೇಕು. ಅವತ್ತಿನಿಂದ ನಾನು ಯಾರಿಗೆ ಹೇಳಿದರೂ ಮೊದಲು ಹೇಳೋದು ಇದನ್ನೇ: ಕೆರೆಯುವ ಕೆಲಸಕ್ಕೆ ದಿನಗೂಲಿ, ಬಣ್ಣ ಹೊಡೆಯೋಕೆ ಚದರ ಅಡಿ. ಎರಡನ್ನೂ ಸೇರಿಸಿ ಗುತ್ತಿಗೆ ಕೊಡಬೇಡಿ.

ಪೇಂಟರ್ ಆರಿಸುವಾಗ ನೀವು ಪಾಠ ಹೇಳೋ ಮುಂಚೆ ಒಂದು ಪ್ರಶ್ನೆ ಕೇಳಿ: "ಹಳೆ ಬಣ್ಣ ಹೇಗೆ ತೆಗೀತೀರಿ?" 'ಗ್ರೈಂಡರ್ ಹಾಕಿದ್ರೆ ಒಂದೇ ದಿನ' ಅಂದರೆ ಕಾಫಿ ಕೊಟ್ಟು ಕಳಿಸಿ. 'ಬ್ಲೋ ಲ್ಯಾಂಪಲ್ಲಿ ಸುಟ್ಟು ತೆಗೀತೀವಿ' ಅಂದರೆ ಕಾಫಿಯೂ ಬೇಡ; ಬೆಂಕಿಗೆ ಸೀಸ ಆವಿಯಾಗಿ ಸೀದಾ ಎದೆಗೆ ಹೋಗುತ್ತದೆ. 'ನೀರು ಹಾಕಿ ವಾಟರ್ ಪೇಪರ್‌ನಲ್ಲಿ ಉಜ್ತೀವಿ, ರಿಮೂವರ್ ಹಚ್ಚಿ ಕೆರೀತೀವಿ, ಟೈಮ್ ಹಿಡಿಯತ್ತೆ' ಅಂದವರನ್ನು ಕೂರಿಸಿ ಮಾತಾಡಿ. ನನಗೆ ಸಿಕ್ಕ ಎರಡನೇ ಪೇಂಟರ್ ಹಾಗೆ ಅಂದರು, ಪ್ರಾಯದವರು. ಅವರ ಮನೆಯಲ್ಲೂ ಚಿಕ್ಕ ಮಗಳಿದ್ದಳು. ಕೆಲಸದ ಬಟ್ಟೆಯಲ್ಲೇ ಮನೆಗೆ ಹೋಗಿ ಮಗಳನ್ನು ಎತ್ತಿಕೊಂಡರೆ ಧೂಳು ಅವಳಿಗೂ ಹೋಗುತ್ತದೆ ಅಂತ ಹೇಳಿದೆ. ಅಲ್ಲಿಂದ ಮುಂದೆ ನಾನು ಏನೂ ಒತ್ತಾಯ ಮಾಡಬೇಕಾಗಲಿಲ್ಲ.

ಮಾತು ಮುಗಿದ ಮೇಲೆ ಒಂದು ಹಾಳೆಯಲ್ಲಿ ಕನ್ನಡದಲ್ಲೇ ಬರೆದು ಇಬ್ಬರೂ ಸಹಿ ಹಾಕಿ. ನಾವು ಬರೆದುಕೊಂಡದ್ದು ಹೆಚ್ಚುಕಡಿಮೆ ಹೀಗಿತ್ತು:

- ಒಣ ಉಜ್ಜುವಿಕೆ, ಗ್ರೈಂಡರ್, ಬೆಂಕಿ ಇಲ್ಲ. ಒದ್ದೆ ಮಾಡಿಯೇ ಕೆರೆಯೋದು.
- ಕೆರೆಯುವ ದಿನಗಳಿಗೆ ದಿನಗೂಲಿ. ಟಾರ್ಪಾಲ್, ಮಾಸ್ಕ್, ಗ್ಲೌಸ್, ರಿಮೂವರ್ ಮನೆಯವರದು.
- ದಿನ ಮುಗಿದಾಗ ಒರೆಸಿ, ಕಸ ಚೀಲಕ್ಕೆ ಕಟ್ಟಿ, ಕೈಕಾಲು ಮುಖ ತೊಳೆದು, ಬಟ್ಟೆ ಬದಲಿಸಿಯೇ ಹೊರಡೋದು.
- ಹೊಸ ಪೇಂಟಿನ ಡಬ್ಬಿ ಸೀಲ್ ಒಡೆಯೋ ಮುಂಚೆ ತೋರಿಸೋದು.
- ಕೊನೆಯ ಕಾಲು ಭಾಗ ದುಡ್ಡು ಬಿಳಿ ಬಟ್ಟೆ ಪರೀಕ್ಷೆ (ಹೆಜ್ಜೆ 8 ನೋಡಿ) ಆದಮೇಲೆ.

ಪೇಂಟಿನ ಡಬ್ಬಿ ಬಗ್ಗೆ ಯಾಕೆ ಅಂದರೆ, 90 ಪಿಪಿಎಂ ನಿಯಮ ಇರೋದು ಮನೆಬಳಕೆಯ ಪೇಂಟಿಗೆ. ಗೇಟಿಗೆ, ಸರಳಿಗೆ ಅಂತ ಪೇಂಟರ್ ಕಾರ್ಖಾನೆ ಬಳಕೆಯ ಪ್ರೈಮರ್ ತಂದರೆ ಅದು ಈ ನಿಯಮದ ಹೊರಗೆ. ಡಬ್ಬಿ ಮೇಲೆ ಸೀಸ 90 ಪಿಪಿಎಂ ಮೀರಿಲ್ಲ ಅಂತ ಬರೆದಿರಬೇಕು.

ಹೆಜ್ಜೆ 7: ಕೆಲಸದ ದಿನಗಳು

ಕಾಲ ಮುಖ್ಯ. ಮಳೆಗಾಲದಲ್ಲಿ ಏನೂ ಒಣಗಲ್ಲ. ಅಡಿಕೆ ಸುಗ್ಗಿಯಲ್ಲಿ ಅಂಗಳ ಖಾಲಿ ಇರಲ್ಲ. ಹಾಗಾಗಿ ಯುಗಾದಿ ಆದಮೇಲೆ, ಮೊದಲ ಮಳೆಗೆ ಮುಂಚೆ. ಶಾಲೆಗೂ ರಜೆ. ಮಕ್ಕಳನ್ನೂ ಬಸುರಿಯರನ್ನೂ ಅಜ್ಜಿ ಮನೆಗೆ ಕಳಿಸಿಬಿಡಿ. ಒಂದು ಕೋಣೆ ಬಿಟ್ಟು ಇನ್ನೊಂದರಲ್ಲಿ ಇರ್ತೀವಿ ಅನ್ನೋದು ತೊಟ್ಟಿಮನೆಯಲ್ಲಿ ನಡೆಯಲ್ಲ. ಎಲ್ಲ ಗಾಳಿಯೂ ಒಂದೇ ತೊಟ್ಟಿಗೆ ಬರುತ್ತದೆ.

ಕೋಣೆಯ ಸಾಮಾನು ಹೊರಗಿಡಿ, ಆಗದ್ದನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಟೇಪ್ ಹಾಕಿ. ಅಮೆರಿಕದ ನಿಯಮದಲ್ಲಿ ಕೆಲಸ ಮಾಡುವ ಜಾಗದಿಂದ ಒಳಗಾದರೆ 6 ಅಡಿ, ಹೊರಗಾದರೆ 10 ಅಡಿ ತನಕ ಪ್ಲಾಸ್ಟಿಕ್ ಹಾಸಬೇಕು ಅಂತ ಇದೆ. ನಾವು ಅದನ್ನೇ ಅನುಸರಿಸಿದೆವು. ಅಡಿಕೆಗೆ ಮುಚ್ಚುವ ಟಾರ್ಪಾಲ್ ಬಳಸಬೇಡಿ, ಆಮೇಲೆ ಅದನ್ನು ಯಾವುದಕ್ಕೂ ಬಳಸೋಕಾಗಲ್ಲ. ಬಾವಿ ಹತ್ತಿರ ಇದ್ದರೆ ಬಾಯಿ ಮುಚ್ಚಿ.

ಮುಖಕ್ಕೆ ಟವೆಲ್ ಸುತ್ತಿಕೊಂಡರೆ ಈ ಧೂಳು ನಿಲ್ಲಲ್ಲ. ಪಿ100 ಫಿಲ್ಟರ್ ಹಾಕುವ ರಬ್ಬರ್ ಮಾಸ್ಕ್ ಆನ್‌ಲೈನಿನಲ್ಲಿ ಸಿಗುತ್ತದೆ, ತರಿಸಿಕೊಡಿ. ರಿಮೂವರ್ ಡಬ್ಬಿಯ ಮೇಲೆ ಮೆಥಿಲೀನ್ ಕ್ಲೋರೈಡ್ ಅಂತ ಇದ್ದರೆ ಮುಚ್ಚಿದ ಕೋಣೆಯಲ್ಲಿ ಬೇಡ, ಅದರ ಹಬೆಗೆ ಜೀವ ಹೋದದ್ದಿದೆ.

ಅತಿ ಕಷ್ಟವಾದದ್ದು ಎಲೆ ಅಡಿಕೆ. ನಮ್ಮ ಕಡೆ ಗಂಟೆಗೊಮ್ಮೆ ಬಾಯಿಗೆ ಬೀಳಲೇಬೇಕು. ಕೆರೆದ ಕೈಯಲ್ಲೇ ಎಲೆಗೆ ಸುಣ್ಣ ಹಚ್ಚಿ ಬಾಯಿಗಿಟ್ಟರೆ ಮಾಸ್ಕ್ ಹಾಕಿ ಏನು ಬಂತು? ಬಕೆಟ್ಟು, ಸೋಪು ಜಗಲಿಯ ಮೆಟ್ಟಿಲ ಹತ್ತಿರವೇ ಇಟ್ಟೆ. ಎಲೆ ತಟ್ಟೆಯನ್ನು ಅದರ ಆಚೆ ಇಟ್ಟೆ. ಕೈ ತೊಳೆಯದೆ ತಟ್ಟೆ ಮುಟ್ಟೋಕಾಗದ ಹಾಗೆ. ಬೀಡಿಗೂ ಅದೇ ಕಾನೂನು.

ಸಂಜೆ ಎರಡು ಬಕೆಟ್ ಇಟ್ಟುಕೊಂಡು ಒರೆಸಬೇಕು. ಒಂದರಲ್ಲಿ ಸೋಪಿನ ನೀರು, ಇನ್ನೊಂದರಲ್ಲಿ ಬಟ್ಟೆ ಜಾಲಿಸೋಕೆ ಬರೀ ನೀರು. ಮನೆಯ ಮಾಮೂಲಿ ವ್ಯಾಕ್ಯೂಮ್ ಕ್ಲೀನರ್ ಹಾಕಬೇಡಿ, ಸಣ್ಣ ಧೂಳನ್ನು ಹಿಂದಿನಿಂದ ಊದಿಬಿಡುತ್ತದೆ. ಹೆಪಾ ಫಿಲ್ಟರ್ ಇರುವಂಥದ್ದೇ ಬೇಕು. ಅದು ಸಿಗದಿದ್ದರೆ ಒದ್ದೆ ಬಟ್ಟೆಯಲ್ಲೇ ಒಂದು ಸಲ ಜಾಸ್ತಿ ಒರೆಸಿ. ಒರೆಸಿದ ನೀರು ತೋಟಕ್ಕೆ ಹೋಗಬಾರದು, ಶೌಚಾಲಯಕ್ಕೆ ಸುರಿಯಿರಿ.

ಹೆಜ್ಜೆ 8: ಪಾಸು ಮಾಡೋದು, ಕಸ ಕಳಿಸೋದು

ಕೆಲಸ ಮುಗಿದು ಎಲ್ಲ ಒರೆಸಿದ ಮೇಲೆ ಬಿಳಿ ಬಟ್ಟೆ ಒದ್ದೆ ಮಾಡಿ ಕಿಟಕಿ ದಂಡೆ, ಅದರ ಕೆಳಗಿನ ನೆಲ ಒಂದೇ ಸಲ ಒತ್ತಿ ಎಳೆಯಿರಿ. ಬಟ್ಟೆ ಬೂದು ಬಣ್ಣಕ್ಕೆ ಬಂದರೆ ಮತ್ತೆ ಒರೆಸಬೇಕು. ನಮ್ಮದು ಮೂರನೇ ಸಲಕ್ಕೆ ಪಾಸಾಯಿತು. ಪೇಂಟರ್ ತಾವೇ ನಗುತ್ತಾ ಬಟ್ಟೆ ಹಿಡಿದು ಬೆಳಕಿಗೆ ತೋರಿಸಿದರು. ಧೂಳು ಒರೆಸಿದ ಬಟ್ಟೆಯನ್ನೇ ಅಳೆದುಕೊಡುವ ಲ್ಯಾಬ್ ಸಿಕ್ಕರೆ ಇನ್ನೂ ಒಳ್ಳೆಯದು, ಚಕ್ಕೆ ಕಳಿಸಿದವರನ್ನೇ ಕೇಳಿ.

ಕಸದ ವಿಷಯದಲ್ಲಿ ನಮ್ಮ ಅಭ್ಯಾಸಗಳೆಲ್ಲ ಉಲ್ಟಾ. ಗೊಬ್ಬರದ ಗುಂಡಿಗೆ ಬೇಡ, ಬೆಂಕಿಗೆ ಬೇಡ, ಧರೆ ಕೆಳಗೆ ಎಸೆಯೋದೂ ಬೇಡ. ಚಕ್ಕೆ, ಪ್ಲಾಸ್ಟಿಕ್, ಒರೆಸಿದ ಬಟ್ಟೆ ಎಲ್ಲವನ್ನೂ ದಪ್ಪ ಕವರಿನಲ್ಲಿ ಎರಡು ಪದರ ಕಟ್ಟಿ, ದನ ಮುಟ್ಟದ ಕಡೆ ಇಡಿ. ಪೇಟೆಯಲ್ಲಿರುವವರು ಮನೆಯ ಅಪಾಯಕಾರಿ ಕಸ ಅಂತ ಹೇಳಿ ಪಾಲಿಕೆಯವರಿಗೆ ಬೇರೆಯಾಗಿ ಕೊಡಬೇಕು. ಹಳ್ಳಿಯವರು ಪಂಚಾಯಿತಿಯ ಕಸ ವಿಂಗಡಣೆ ಘಟಕದಲ್ಲಿ ಮೊದಲು ವಿಚಾರಿಸಿ. ಅವರಿಗೂ ಹೊಸದಾದರೆ ಮಾಲಿನ್ಯ ನಿಯಂತ್ರಣ ಮಂಡಳಿಗೆ ಒಂದು ಅರ್ಜಿ ಬರೆದು, ಉತ್ತರ ಬರುವ ತನಕ ಚೀಲ ಮನೆಯಲ್ಲೇ ಇರಲಿ.

ಮಗುವಿನ ರಕ್ತ ಮತ್ತೆ ಯಾವಾಗ ನೋಡಬೇಕು ಅನ್ನೋದನ್ನು ಡಾಕ್ಟ್ರು ಹೇಳುತ್ತಾರೆ. ರಕ್ತದಲ್ಲಿನ ಸೀಸ ಅರ್ಧಕ್ಕೆ ಇಳಿಯೋಕೆ ಸುಮಾರು ಒಂದು ತಿಂಗಳು ಬೇಕು. ಮೂಳೆಯಲ್ಲಿ ಕೂತದ್ದು ವರ್ಷಗಟ್ಟಲೆ ನಿಧಾನಕ್ಕೆ ರಕ್ತಕ್ಕೆ ಬರುತ್ತಾ ಇರುತ್ತದೆ. ಹಾಗಾಗಿ ಎರಡನೇ ರಿಪೋರ್ಟಿನಲ್ಲಿ ಸೊನ್ನೆ ಬರಲಿಲ್ಲ ಅಂತ ಪೇಂಟರ್ ಮೇಲೆ ಹಾಯಬೇಡಿ. ಇಳಿಯುತ್ತಾ ಇದೆಯಾ ಅಂತ ನೋಡಿ. ನಮ್ಮ ಹುಡುಗನದ್ದು ಇಳಿಯಿತು.

ಜಗಲಿಯ ಎರಡು ಕಿಟಕಿ ಬಾಗಿಲು ಇನ್ನೂ ಮಾಳಿಗೆ ಮೇಲೆ ಪ್ಲಾಸ್ಟಿಕ್ ಸುತ್ತಿಕೊಂಡು ಕೂತಿವೆ. ಹೋದ ಮಳೆಗಾಲದಲ್ಲಿ ಸೌದೆ ಎಲ್ಲ ಒದ್ದೆಯಾಗಿತ್ತು. ಕೆಲಸಕ್ಕೆ ಬರುವ ಹುಡುಗ ಮಾಳಿಗೆಯಿಂದ ತಲೆ ಹೊರಗೆ ಹಾಕಿ, "ಅಮ್ಮಾ, ಇಲ್ಲಿ ಒಣ ಮರ ಇದೆ, ಇಳಿಸ್ಲಾ?" ಅಂದ. ಅಮ್ಮ ಬಚ್ಚಲಿಂದಲೇ ಕೂಗಿದರು: "ಅದು ಸೌದೆಯಲ್ಲ ಮಾರಾಯ, ವಿಷ. ಅಲ್ಲೇ ಇರಲಿ ಬಿಡು!"